ಆಡೋಕೆ ಒಂದು ನೆಪ ಕೊಡಿ

ಪ್ರಶ್ನೆ: ನಾವು ಬೀದರ್‌ನ ನಾಲ್ಕು ಜನ ಗೆಳೆಯರು. ಹಳೆ ಊರಿನಲ್ಲಿ, ಚೌಬಾರ ಅನ್ನೋ ಹಳೆ ಕಾವಲು ಗೋಪುರದ ಸುತ್ತಮುತ್ತ, ದೊಡ್ಡವರು ಸಂಜೆ ಹೊತ್ತು ಆಡುವಂಥ ಆಟ ಕಟ್ಟಬೇಕು ಅಂತ ಆಸೆ. ಅರ್ಧ ಮೊಬೈಲ್‌ನಲ್ಲಿ, ಅರ್ಧ ರಸ್ತೆಯಲ್ಲಿ. ಆರು ತಿಂಗಳು ಕೂತು ಆ್ಯಪ್ ಮಾಡಿದೆವು. ಫೋನ್ ಎತ್ತಿ ಹಿಡಿದರೆ ಬಹಮನಿ ಕಾಲದ ಆನೆ ಎದುರಿಗೇ ನಿಂತ ಹಾಗೆ ಕಾಣುತ್ತೆ. ಮೊದಲ ದಿನ 26 ಜನ ಬಂದರು. ಎಲ್ಲರೂ ತಲೆ ತಗ್ಗಿಸಿ ಫೋನ್ ನೋಡುತ್ತಾ ನಡೆದರು, 'ಚಲೋ ಅದರಿ' ಅಂದರು, ಹೋದರು. ಯಾರೂ ನಗಲಿಲ್ಲ. ಎರಡನೇ ವಾರ ಐದೇ ಜನ. ಕೈಯಲ್ಲಿ ಇನ್ನು 40 ಸಾವಿರ ರೂಪಾಯಿ ಉಳಿದಿದೆ. ಬಿದ್ರಿ ಬಿಲ್ಲೆಯೊಳಗೆ, ಫೋನ್ ತಾಗಿಸಿದರೆ ಸ್ಪಂದಿಸುವ ಎನ್‌ಎಫ್‌ಸಿ ಚಿಪ್ ಇಟ್ಟು ಆಟ ಮಾಡಬಹುದಾ? ಗೆದ್ದವರಿಗೆ ನಗದು ಬಹುಮಾನ ಇಟ್ಟರೆ ಜನ ಬರುತ್ತಾರಾ?

ಉತ್ತರ: 'ಚಲೋ ಅದರಿ' ಅಂದು ಹೋದರಲ್ಲ, ಅದು ನಮ್ಮ ಕಡೆ ಮರ್ಯಾದೆಯಿಂದ 'ಬ್ಯಾಡ' ಅನ್ನೋ ರೀತಿ. ಕಲಬುರಗಿಯಲ್ಲಿ ಇಂಥವೇ ಆಟ ಕಟ್ಟೋ ನನಗೂ ಆ ಮಾತು ಬೇಕಾದಷ್ಟು ಸಲ ಸಿಕ್ಕಿದೆ. ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಆ್ಯಪ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ, ನೋಡಿಯೂ ಇಲ್ಲ. ಆದರೆ ನೀವು ಬರೆದದ್ದರಲ್ಲಿ ಆನೆ ಇದೆ, ಫೋನ್ ಇದೆ, ಬಂದ 26 ಜನ ಏನು ಮಾಡಬೇಕಿತ್ತು ಅನ್ನೋದೇ ಇಲ್ಲ. ನೋಡಬೇಕಿತ್ತು, ಅಷ್ಟೇ. ನೋಡೋಕೆ ಮನೆಯಲ್ಲಿ ಟಿವಿ ಇದೆಯಲ್ಲ.

ನನ್ನ ಅನುಭವ ಒಂದೇ ಮಾತಿನಲ್ಲಿ ಹೇಳಬೇಕು ಅಂದರೆ ಇಷ್ಟು: ದೊಡ್ಡವರಿಗೆ ಆಡೋ ಆಸೆ ಇದ್ದೇ ಇದೆ, ಆಡೋಕೆ ನೆಪ ಸಿಗೋದಿಲ್ಲ. ಬಣ್ಣದ ಹಬ್ಬದ ದಿನ ಬ್ಯಾಂಕ್ ಮ್ಯಾನೇಜರ್ ಸಾಹೇಬರು ಮುಖಕ್ಕೆ ಹಸಿರು ಬಣ್ಣ ಬಳಿದುಕೊಂಡು ಸ್ಕೂಟರ್ ಮೇಲೆ ಕೂಗುತ್ತಾ ಹೋಗುತ್ತಾರೆ, ಮರುದಿನ ಅದೇ ಸಾಹೇಬರು ನಿಮ್ಮ ಸಾಲದ ಅರ್ಜಿಗೆ ಮುಖ ಗಂಟು ಹಾಕಿಕೊಂಡು ಕೂತಿರುತ್ತಾರೆ. ಎಳ್ಳಮಾಸಿಗೆ ಹೊಲಕ್ಕೆ ಹೋದಾಗ ಐವತ್ತು ದಾಟಿದವರು ಜೋಕಾಲಿ ಜೀಕುತ್ತಾರೆ, ಗಾಳಿಪಟಕ್ಕೆ ಮಕ್ಕಳ ಜೊತೆ ಜಗಳ ಆಡುತ್ತಾರೆ. ಅವತ್ತು ಯಾರೂ ಅವರನ್ನು ಆಡಿಕೊಂಡು ನಗೋದಿಲ್ಲ, ಯಾಕಂದ್ರೆ ಹಬ್ಬ ಒಂದು ನೆಪ. ಹಾಲೆಂಡಿನ ಇತಿಹಾಸಕಾರ ಯೋಹಾನ್ ಹಾಯ್ಸಿಂಗಾ 1938ರಲ್ಲೇ ಬರೆದಿದ್ದ: ಆಟಕ್ಕೆ ಒಂದು ಗೆರೆ ಇರುತ್ತೆ, ಗೆರೆಯೊಳಗೆ ನಿಯಮಗಳೇ ಬೇರೆ. ನಿಮ್ಮ ಹಳೆ ಊರಿನಲ್ಲೇ ನೋಡಿ, ಸಿದ್ದಿಕ್ ತಾಲೀಮ್, ಮಣಿಯಾರ್ ತಾಲೀಮ್ ಅಂತ ಓಣಿಗಳಿವೆ. ತಾಲೀಮು ಅಂದರೆ ಗರಡಿಮನೆ. ಮೈ ಬೆಳೆಸೋದು ಅನ್ನೋ ನೆಪದಲ್ಲಿ ಗಂಡಸರು ಸಂಜೆಯೆಲ್ಲ ಅಲ್ಲಿ ಆಡಿಕೊಂಡಿರುತ್ತಿದ್ದರು, ಅಲ್ವಾ?

ನೀವು ಬರೀ ಬಯಲಲ್ಲಿ ನಿಲ್ಲಿಸಿ 'ಆಡಿ' ಅಂದಿರಿ. ಆಚೆ ಈಚೆ ಅಂಗಡಿಯವರು ನೋಡುತ್ತಿದ್ದಾರೆ. ಬೀದರ್ ಅಷ್ಟು ದೊಡ್ಡ ಊರೇನೂ ಅಲ್ಲ, ನಾಳೆ ಬೆಳಗ್ಗೆ 'ಏನ್ರೀ ಸರ್, ನಿನ್ನೆ ಚೌಬಾರದ ಹತ್ರ ಫೋನ್ ಹಿಡ್ಕೊಂಡು ಏನ್ ಹುಡುಕ್ಲತ್ತಿದ್ರಿ' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಸೋಲೋದಕ್ಕೆ ದೊಡ್ಡವರು ಅಷ್ಟಾಗಿ ಹೆದರೋದಿಲ್ಲ. ನಗೆಪಾಟಲಾಗೋದಕ್ಕೆ ಹೆದರುತ್ತಾರೆ. ಫೋನ್‌ಗೆ ಮುಖ ಹಾಕಿಕೊಂಡರೆ ಆ ಭಯ ಇಲ್ಲ, ಅದಕ್ಕೇ ಎಲ್ಲರೂ ಅದರೊಳಗೆ ಬಚ್ಚಿಟ್ಟುಕೊಂಡರು.

ಒಂದು ಘಟನೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಕಲಬುರಗಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಒಂದು ಸಮಾವೇಶಕ್ಕೆ ಆಟ ಮಾಡಿಕೊಡಿ ಅಂತ ಕರೆದಿದ್ದರು. ಹೊರದೇಶದಲ್ಲಿ 'ಯೋಹಾನ್ ಸೆಬಾಸ್ಟಿಯನ್ ಜೌಸ್ಟ್' ಅಂತ ಒಂದು ಆಟ ಇದೆ. ಅದಕ್ಕೆ ಪರದೆಯೇ ಇಲ್ಲ. ಪ್ರತಿಯೊಬ್ಬರ ಕೈಯಲ್ಲಿ ಬೆಳಕು ಬರುವ ಒಂದು ಕಂಟ್ರೋಲರ್, ಅದನ್ನು ಅಲುಗಿಸದೆ ಹಿಡಿದುಕೊಂಡು ಎದುರಿನವರದ್ದನ್ನು ಅಲುಗಿಸಬೇಕು. ಹಾಡು ನಿಧಾನ ಇದ್ದಾಗ ಒಂದು ಚೂರು ಅಲುಗಿದರೂ ಔಟ್, ಹಾಡು ಜೋರಾದಾಗ ಸ್ವಲ್ಪ ಸಲೀಸು. ನನಗೆ ಇದು ತುಂಬಾ ಇಷ್ಟ. ಆದರೆ ಸೀರೆ ಉಟ್ಟ ಅರವತ್ತು ಹೆಂಗಸರಿಗೆ ಒಬ್ಬರನ್ನೊಬ್ಬರು ತಳ್ಳಿ ಅನ್ನೋಕಾಗುತ್ತಾ? ಹಾಗಾಗಿ ಫೋನನ್ನು ರೊಟ್ಟಿ ಬುಟ್ಟಿಯಲ್ಲಿ ಇಟ್ಟೆ, ಮೇಲೆ ಬಟ್ಟೆ ಮುಚ್ಚಿದೆ, ಬುಟ್ಟಿಯನ್ನು ತಲೆ ಮೇಲೆ ಹೊತ್ತು ನಡೀರಿ ಅಂದೆ. ಫೋನಿನೊಳಗೆ ಅಲುಗಾಟ ಅಳೆಯೋ ಸೆನ್ಸರ್ ಹೇಗೂ ಇರುತ್ತೆ. ಜಾಸ್ತಿ ಅಲುಗಿದರೆ ಬುಟ್ಟಿಯೊಳಗಿಂದ ಕೋಳಿ ಕೂಗುತ್ತೆ, ನೀವು ಔಟ್.

ಸಂಘಟಕರ ಕಡೆಯ ಕಾಲೇಜು ಹುಡುಗಿಯರು ಮೊದಲ ನಿಮಿಷದಲ್ಲೇ ಕೋಳಿ ಕೂಗಿಸಿಕೊಂಡು ಹೊರಗೆ ಬಂದರು. ಕೊನೆಗೆ ಉಳಿದವರು ಅರವತ್ತರ ಹತ್ತಿರದ ಒಬ್ಬ ಅಜ್ಜಿ. ಹೊಲಕ್ಕೆ ಬುತ್ತಿ ಹೊತ್ತು ಹೊತ್ತು ಅವರ ಕುತ್ತಿಗೆಗೆ ಆ ವಿದ್ಯೆ ಬಂದಿತ್ತು. ಗೆದ್ದ ಮೇಲೆ 'ಇನ್ನೊಮ್ಮಿ ಹಚ್ಚಪಾ, ಈ ಸಲ ಓಡಿ ತೋರಸ್ತೀನಿ' ಅಂದರು. ಓಡಿಯೂ ತೋರಿಸಿದರು. ಅವತ್ತು ನನಗೆ ಒಂದು ವಿಷಯ ಗೊತ್ತಾಯಿತು. ದೊಡ್ಡವರಿಗೆ ಹೊಸದೇನೋ ಕಲಿಸಬೇಕಿಲ್ಲ, ಅವರ ಮೈಗೆ ಆಗಲೇ ಗೊತ್ತಿರೋ ಒಂದು ಕೆಲಸವನ್ನು ಆಟದೊಳಗೆ ಎಳೆದು ತಂದರೆ ಅದೇ ನೆಪ ಆಗುತ್ತೆ, ಯಾಕಂದ್ರೆ ಅವರು ಆಟ ಆಡುತ್ತಿಲ್ಲ, 'ಇದು ಹೀಂಗಲ್ಲ, ಹೀಂಗ' ಅಂತ ಹುಡುಗರಿಗೆ ತೋರಿಸಿಕೊಡುತ್ತಿದ್ದಾರೆ.

ಈಗ ನಿಮ್ಮ ಬಿದ್ರಿ ಬಿಲ್ಲೆಗೆ ಬರೋಣ. ಒಳಗೆ ಎನ್‌ಎಫ್‌ಸಿ ಇಡೋದು ಆಗದ ಕೆಲಸ. ಬಿದ್ರಿ ಅಂದರೆ ಸತು, ಅದಕ್ಕೆ ಸ್ವಲ್ಪ ತಾಮ್ರ, ಮೇಲೆ ಬೆಳ್ಳಿ. ಎಲ್ಲವೂ ಲೋಹ. ಎನ್‌ಎಫ್‌ಸಿ ಕೆಲಸ ಮಾಡೋದು 13.56 ಮೆಗಾಹರ್ಟ್ಸ್‌ನ ಕಾಂತಕ್ಷೇತ್ರದ ಮೇಲೆ, ಲೋಹ ಅದನ್ನು ನುಂಗಿ ಹಾಕುತ್ತೆ. ಲೋಹದ ಮೇಲೆ ಅಂಟಿಸೋಕೆ ಅಂತಲೇ ಬೇರೆ ಸ್ಟಿಕ್ಕರ್ ಸಿಗುತ್ತೆ, ಬೆನ್ನಿಗೆ ಲೋಹದ ಕಾಟ ತಡೆಯೋ ಫೆರೈಟ್ ಅನ್ನೋ ಪದರ ಇರುತ್ತೆ. ಅದನ್ನು ಬಿಲ್ಲೆಯ ಹಿಂದೆ ಅಂಟಿಸಬಹುದು, ಒಳಗೆ ಹೂತಿಟ್ಟರೆ ಅದೂ ಸತ್ತ ಹಾಗೆ. ಮೇಲಾಗಿ ಕಡಿಮೆ ಬೆಲೆಯ ಎಷ್ಟೋ ಫೋನ್‌ಗಳಲ್ಲಿ ಎನ್‌ಎಫ್‌ಸಿಯೇ ಇರೋದಿಲ್ಲ.

ಆದರೆ ಬಿದ್ರಿ ಲೋಹ ಅನ್ನೋದನ್ನೇ ಉಪಯೋಗ ಮಾಡಿಕೊಳ್ಳಿ. ಲೋಹದಲ್ಲಿ ಕರೆಂಟು ಹರಿಯುತ್ತೆ. ನಮ್ಮ ಮೈಯಲ್ಲೂ ಸ್ವಲ್ಪ ಹರಿಯುತ್ತೆ. 2012ರ ಸುಮಾರಿಗೆ ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನ ಇಬ್ಬರು 'ಮೇಕಿ ಮೇಕಿ' ಅಂತ ಒಂದು ಸಣ್ಣ ಬೋರ್ಡ್ ಮಾಡಿದರು. ಅದರೊಳಗೆ 22 ಮೆಗಾಓಮ್‌ನ ರೆಸಿಸ್ಟರ್ ಇದೆ, ಅಂದರೆ ಕರೆಂಟಿಗೆ ಭಾರೀ ದೊಡ್ಡ ತಡೆ. ಅದರ ಮುಂದೆ ಬಾಳೆಹಣ್ಣು, ಒದ್ದೆ ಮಣ್ಣು, ಮನುಷ್ಯನ ಮೈ ಎಲ್ಲವೂ ತಂತಿ ಇದ್ದ ಹಾಗೆಯೇ. ಒಂದು ತುದಿ ನಿಮ್ಮ ಕೈಯಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ, ನಾವಿಬ್ಬರೂ ಮುಟ್ಟಿಕೊಂಡರೆ ಸರ್ಕ್ಯೂಟ್ ಪೂರ್ತಿ. ಇದನ್ನೇ ನೀವು ಪುಟ್ಟ ಕಂಪ್ಯೂಟರ್ ಇದ್ದ ಹಾಗಿರೋ ಇಎಸ್‌ಪಿ32 ಬೋರ್ಡ್‌ನಲ್ಲೂ ಮಾಡಬಹುದು, 500 ರೂಪಾಯಿ ಆಸುಪಾಸು ಬೀಳುತ್ತೆ. ಪವರ್‌ಬ್ಯಾಂಕ್‌ನಲ್ಲೇ ಓಡಿಸಿ. ಗೋಡೆ ಪ್ಲಗ್ಗಿಗೆ ಚಾರ್ಜರ್ ಹಾಕಿದ ಲ್ಯಾಪ್‌ಟಾಪಿಗೆ ಮಾತ್ರ ಜನರನ್ನು ಜೋಡಿಸಬೇಡಿ, ಇದರಲ್ಲಿ ತಮಾಷೆ ಇಲ್ಲ.

ಇಲ್ಲಿ ನಾನು ಎಡವಿದ್ದನ್ನೂ ಹೇಳಿಬಿಡುತ್ತೇನೆ. ಮೊದಲ ಸಲ ಇದನ್ನು ಮಾಡಿದಾಗ, ಸರ್ಕ್ಯೂಟ್ ಕೂಡಿದರೆ ಸ್ಪೀಕರಿನಲ್ಲಿ ಹಲಗೆ ವಾದ್ಯದ ಸದ್ದು ಬರೋ ಹಾಗೆ ಇಟ್ಟು, 'ಎಲ್ಲರೂ ಕೈ ಕೈ ಹಿಡೀರಿ, ಹಲಗಿ ಬಡೀತದ' ಅಂದೆ. ಹನ್ನೆರಡು ಜನ ಗಂಡಸರು, ಹೆಂಗಸರು, ಒಬ್ಬರಿಗೊಬ್ಬರು ಗುರುತಿಲ್ಲ. ಯಾರೂ ಕೈ ಚಾಚಲಿಲ್ಲ. ಒಬ್ಬ ಯಜಮಾನರು ಗಡಿಯಾರ ನೋಡಿಕೊಂಡರು. ಸತ್ತ ಹಾಗಾಯಿತು ನನಗೆ. ಅಲ್ಲೇ ಊಟದ ಸಾಲಿನಿಂದ ಸ್ಟೀಲ್ ತಾಟು ತಂದು, ಇಬ್ಬಿಬ್ಬರ ನಡುವೆ ಒಂದೊಂದು ಕೊಟ್ಟೆ. ಈ ಕಡೆಯಿಂದ ಇವರು ಹಿಡಿದರು, ಆ ಕಡೆಯಿಂದ ಅವರು ಹಿಡಿದರು. ಸರಪಳಿ ಕೂಡಿತು, ಹಲಗಿ ಶುರುವಾಯಿತು. ಯಾರೋ ಒಬ್ಬರು ಕೈಬಿಟ್ಟರು, ಹಲಗಿ ನಿಂತಿತು. 'ಯಾರ್ ಬಿಟ್ರಿ?' ಅಂತ ಎಲ್ಲ ಒಂದೇ ಸಲ ಕೂಗಿದರು. ಹತ್ತು ನಿಮಿಷದ ಹಿಂದೆ ಒಬ್ಬರ ಮುಖ ಒಬ್ಬರು ನೋಡದವರು!

ನಿಮ್ಮ ಬಿದ್ರಿ ಬಿಲ್ಲೆ ಆ ತಾಟಿನ ಜಾಗದಲ್ಲಿ ಬರಲಿ. ಅಂಗೈ ಅಗಲದ ಪಟ್ಟಿ ಆದರೆ ಇನ್ನೂ ಚಲೋ. ಬೆಳ್ಳಿ ಗೆರೆಯ ಮೇಲೆ ಬೆರಳು ಬೀಳಬೇಕು, ಮಲ್ಟಿಮೀಟರ್ ಇಟ್ಟು ಕರೆಂಟು ಹರಿಯುತ್ತಾ ಅಂತ ಒಮ್ಮೆ ನೋಡಿಕೊಳ್ಳಿ, ಮೇಲೆ ವಾರ್ನಿಷ್ ಹೊಡೆದಿದ್ದರೆ ಕೆಲಸ ಕೆಡುತ್ತೆ. ಗಟ್ಟಿಯಾಗಿ ಹಿಡಿದಷ್ಟೂ ಮೈಯ ರೆಸಿಸ್ಟೆನ್ಸ್ ಇಳಿಯುತ್ತೆ, ಅದನ್ನು ಅಳೆದು ಸ್ವರ ಏರೋ ಹಾಗೆ ಮಾಡಬಹುದು. ಜನ ಜಾಸ್ತಿ ಆದಷ್ಟೂ ಸ್ವರ ಇಳಿಯುತ್ತೆ. ಆಗ ಎಂಟು ಜನ ಸೇರಿ ಒಂದು ವಾದ್ಯ ಆದ ಹಾಗೆ. ಬಿದ್ರಿ ಕೆಲಸ ಮಾಡುವವರನ್ನೇ ಜೊತೆಗೆ ಕೂರಿಸಿಕೊಂಡು ಯೋಚನೆ ಮಾಡಿ, ಬರೀ ಆರ್ಡರ್ ಕೊಟ್ಟು ಬರಬೇಡಿ. ಕೋಟೆ ಮಣ್ಣನ್ನು ನಾಲಿಗೆ ಮೇಲಿಟ್ಟು ರುಚಿ ನೋಡಿ ಇದು ಕಪ್ಪು ಹಿಡಿಸೋ ಮಣ್ಣು ಹೌದೋ ಅಲ್ಲವೋ ಅಂತ ಹೇಳೋ ಜನ ಅವರು. ಆಟ ಕಟ್ಟೋಕೆ ಇದಕ್ಕಿಂತ ಒಳ್ಳೆ ವಸ್ತು ಬೇಕಾ?

ಆನೆ ಬಿಟ್ಟರೆ ಅದರ ಬದಲು ಏನು? ಚೌಬಾರದಿಂದ ಕೋಟೆ ಕಡೆ ನಡೆದರೆ ಮಹಮೂದ್ ಗವಾನ್ ಮದರಸಾ ಸಿಗುತ್ತೆ, ನಿಮಗೆ ನಾನು ಹೇಳಬೇಕಾ. 1472ರದ್ದು. 1696ರಲ್ಲಿ ಒಳಗಿದ್ದ ಮದ್ದು ಸಿಡಿದು ಮುಂಭಾಗ ಅರ್ಧ ಹಾರಿಹೋಯಿತು. ಎರಡು ಮಿನಾರಿನಲ್ಲಿ ಒಂದೇ ಉಳಿದಿದೆ. ನಿಮ್ಮ ಜಾಗದಲ್ಲಿ ಬೇರೆಯವರಿದ್ದರೆ ಆ ಇಲ್ಲದ ಮಿನಾರನ್ನು ಫೋನಿನಲ್ಲಿ ಎದ್ದು ನಿಲ್ಲಿಸಿ ತೋರಿಸುತ್ತಿದ್ದರು. ನಾನಾದರೆ ಫೋನನ್ನು ಜೇಬಿಗೆ ಹಾಕಿಸಿ, ಕಿವಿಗೆ ಇಯರ್‌ಫೋನ್ ಕೊಡುತ್ತೇನೆ. ಆರು ಜನರ ಗುಂಪು. ಪ್ರತಿಯೊಬ್ಬರ ಕಿವಿಯಲ್ಲೂ ಬೇರೆ ಬೇರೆ ಸುಳಿವು. ಒಬ್ಬರಿಗೆ ಅಗಲ ಗೊತ್ತು, ಒಬ್ಬರಿಗೆ ಉಳಿದ ಮಿನಾರಿನಿಂದ ಎಷ್ಟು ಹೆಜ್ಜೆ ಅಂತ ಗೊತ್ತು, ಒಬ್ಬರಿಗೆ ಸುಳ್ಳು ಸುಳಿವು. ಮಾತಾಡಿಕೊಂಡು, ಜಗಳ ಆಡಿ, ಇಲ್ಲದ ಮಿನಾರು ಎಲ್ಲಿತ್ತೋ ಅದರ ನೇರಕ್ಕೆ ರಸ್ತೆ ಬದಿಯಲ್ಲಿ ಆರೂ ಜನ ಗುಂಡಗೆ ನಿಂತು ಕೈ ಎತ್ತಬೇಕು. ಅವರೇ ಮಿನಾರು. ಎದುರಿನ ಅಂಗಡಿ ಕಟ್ಟೆಯಿಂದ ನೋಡೋವರಿಗೂ ಅರ್ಥ ಆಗುತ್ತೆ, 'ಏ, ಇನ್ನ ಸ್ವಲ್ಪ ಈ ಕಡಿ ಸರೀರಿ' ಅಂತ ಅವರೂ ಶುರು ಮಾಡುತ್ತಾರೆ.

ಈ ಕಟ್ಟೆಯವರೇ ನಿಮ್ಮ ಆಟದಲ್ಲಿ ಎಲ್ಲರಿಗಿಂತ ಮುಖ್ಯ. ನಮ್ಮ ಊರಲ್ಲಿ ದೊಡ್ಡವರು ನೇರವಾಗಿ ಆಟಕ್ಕೆ ಇಳಿಯೋದೇ ಇಲ್ಲ. ಕೇರಂ ಬೋರ್ಡ್ ಸುತ್ತ ನಿಂತವರನ್ನು ನೋಡಿ. ಮೊದಲು ಹತ್ತು ನಿಮಿಷ ಸುಮ್ನೆ ಕೈಕಟ್ಟಿ ನಿಂತಿರುತ್ತಾರೆ. ಆಮೇಲೆ ಸಲಹೆ ಕೊಡುತ್ತಾರೆ. ಸಲಹೆ ಕೇಳದಿದ್ದರೆ ಸಿಟ್ಟು ಬರುತ್ತೆ. ಸಿಟ್ಟು ಬಂದಾಗ 'ಸರಿ ಆ ಕಡಿ, ನಾ ತೋರಸ್ತೀನಿ' ಅಂತ ಕೂರುತ್ತಾರೆ. ಈ ಮೂರು ಮೆಟ್ಟಿಲಿಗೂ ನಿಮ್ಮ ಆಟದಲ್ಲಿ ಜಾಗ ಇರಬೇಕು. ಆಟ ಫೋನಿನ ಆರಿಂಚು ಪರದೆಯೊಳಗೆ ನಡೆದರೆ ನಿಂತು ನೋಡೋಕೆ ಏನೂ ಇಲ್ಲ, ಸಲಹೆ ಕೊಡೋಕೂ ಏನೂ ಇಲ್ಲ, ಅಂದಮೇಲೆ ಎರಡನೇ ವಾರ ಐದೇ ಜನ ಬಂದದ್ದು ಏನು ಆಶ್ಚರ್ಯ. ಹಲಗಿ ದೂರಕ್ಕೆ ಕೇಳಬೇಕು, ದೀಪ ದೂರಕ್ಕೆ ಕಾಣಬೇಕು, ಯಾರು ಔಟ್ ಆದರು ಅಂತ ಚಹಾ ಅಂಗಡಿಯವನಿಗೂ ಗೊತ್ತಾಗಬೇಕು.

ಗೆರೆಯ ವಿಷಯ ಹೇಳಿದ್ದೆ. ನಾನು ಈಗೀಗ ಒಂದು ಜಮಖಾನ ಹಾಸುತ್ತೇನೆ. ಅದರ ಮೇಲೆ ಬರಬೇಕಾದರೆ ಚಪ್ಪಲಿ ಬಿಡಬೇಕು. ಸೂಚನೆಯ ಫಲಕ ಬೇಡ, ಮೈಕ್ ಬೇಡ. ಚಪ್ಪಲಿ ಬಿಟ್ಟರೆ ಒಳಗೆ ಬಂದೆ ಅಂತ ನಮ್ಮವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಏಪ್ರಿಲ್‌ನಲ್ಲಿ ಹೊತ್ತು ಮುಳುಗಿದ ಮೇಲೂ ನೆಲ ಸುಡುತ್ತಿರುತ್ತೆ, ದಪ್ಪನೆಯ ಜಮಖಾನವೇ ತನ್ನಿ.

ಬಿಸಿಲಿನ ಮಾತು ಬಂತು. ಐಫೋನನ್ನು 35 ಡಿಗ್ರಿವರೆಗಿನ ಜಾಗದಲ್ಲಿ ಬಳಸಿ ಅಂತ ಆ್ಯಪಲ್ ಕಂಪನಿಯೇ ಹೇಳುತ್ತೆ. ನಮ್ಮಲ್ಲಿ 40 ದಾಟುತ್ತೆ. ಕ್ಯಾಮೆರಾ, ಜಿಪಿಎಸ್, ಪೂರ್ತಿ ಬೆಳಕಿನ ಪರದೆ ಮೂರೂ ಹಚ್ಚಿಟ್ಟ ಫೋನು ಬೇಸಿಗೆಯಲ್ಲಿ ಕೆಂಡದಂತಾಗುತ್ತೆ, ನಿಮ್ಮ ಆನೆ ಮಧ್ಯದಲ್ಲೇ ಮಾಯ.

ಜಿಪಿಎಸ್ ಮೇಲೂ ಜಾಸ್ತಿ ನಂಬಿಕೆ ಬೇಡ. ಬಯಲಲ್ಲೇ ಸುಮಾರು 5 ಮೀಟರ್ ಆಚೆ ಈಚೆ ಆಗುತ್ತೆ. ಹಳೆ ಊರಿನ ಸಂದಿಯಲ್ಲಿ 5 ಮೀಟರ್ ಅಂದರೆ ಯಾರದ್ದೋ ಮನೆಯ ಬಚ್ಚಲು. ಇದಕ್ಕೆ ಚಂದದ ದಾರಿ ಕಂಡುಕೊಂಡವರು ಬಚ್ಚಿಟ್ಟ ವಸ್ತುವನ್ನು ಜಿಪಿಎಸ್ ಹಿಡಿದು ಹುಡುಕೋ ಆಟದವರು, ಅಂದರೆ ಜಿಯೋಕ್ಯಾಶಿಂಗ್‌ನವರು. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜಿಪಿಎಸ್‌ಗೆ ಬೇಕೆಂದೇ ಹಾಕಿದ್ದ ತಪ್ಪನ್ನು ತೆಗೆದುಹಾಕಿತು. ಮರುದಿನವೇ ಓರೆಗನ್ ರಾಜ್ಯದಲ್ಲಿ ಒಬ್ಬಾತ ಕಾಡಿನಲ್ಲಿ ಬಕೆಟ್ ಬಚ್ಚಿಟ್ಟು 'ಹುಡುಕಿ' ಅಂದ. ಯಂತ್ರ ನಿಮ್ಮನ್ನು ಹತ್ತಿರದ ತನಕ ಕರೆದುಕೊಂಡು ಹೋಗುತ್ತೆ, ಕೊನೆಯ ನಾಲ್ಕು ಹೆಜ್ಜೆ ಕಣ್ಣಿನದು, ಕೈಯದು. ಇನ್ನು ಇಂಗ್ಲೆಂಡಿನ ಬ್ಲಾಸ್ಟ್ ಥಿಯರಿ ತಂಡ 2001ರಲ್ಲಿ ಶೆಫೀಲ್ಡ್ ಊರಿನಲ್ಲಿ ಬೆನ್ನಟ್ಟೋ ಆಟ ಆಡಿಸಿತು. ಕಂಪ್ಯೂಟರ್ ಮುಂದೆ ಕೂತು ಅದೇ ಊರಿನ ನಕ್ಷೆಯಲ್ಲಿ ಓಡೋರನ್ನು ನಿಜವಾದ ರಸ್ತೆಯಲ್ಲಿ ಓಡಾಡೋ ಜನ ಜಿಪಿಎಸ್ ಹಿಡಿದು ಹುಡುಕಬೇಕು. ಸಿಗ್ನಲ್ ಸಿಗದ ಜಾಗಗಳು ಓಡುವವರಿಗೆ ಕ್ರಮೇಣ ಬಾಯಿಪಾಠ ಆದವು, ಅವುಗಳನ್ನೇ ಹೊಂಚು ಹಾಕೋಕೆ ಬಳಸಿಕೊಂಡರು. ನಿಮ್ಮಲ್ಲೂ ದಪ್ಪ ಗೋಡೆಯ ಪಕ್ಕ ನೆಟ್‌ವರ್ಕ್ ಸಾಯುತ್ತೆ, ಹೌದಲ್ವಾ? ಅದನ್ನು ಸರಿಮಾಡೋಕೆ ದುಡ್ಡು ಸುರಿಯಬೇಡಿ. 'ಇಲ್ಲಿ ನಿಂತರೆ ಯಾರಿಗೂ ಕಾಣಿಸೋದಿಲ್ಲ' ಅನ್ನೋ ನಿಯಮ ಮಾಡಿಬಿಡಿ.

ಆ್ಯಪ್ ಇಳಿಸಿಕೊಳ್ಳಿ ಅನ್ನೋದನ್ನೇ ಬಿಟ್ಟುಬಿಡಿ ಅಂತ ನನ್ನ ಸಲಹೆ. ಅಲ್ಲೇ ಅರ್ಧ ಜನ ಜಾರುತ್ತಾರೆ. 2013ರಲ್ಲಿ ಬ್ರಿಸ್ಟಲ್ ಊರಿನ ದೀಪದ ಕಂಬಗಳ ಜೊತೆ ಜನ ಮಾತಾಡೋ ಒಂದು ಆಟ ನಡೆಯಿತು, ಅದಕ್ಕೆ ಬೇಕಾಗಿದ್ದದ್ದು ಬರೀ ಎಸ್ಸೆಮ್ಮೆಸ್. ಕಂಬದ ಮೇಲಿನ ನಂಬರ್ ಕಳಿಸಿದರೆ ಕಂಬ ಪ್ರಶ್ನೆ ಕೇಳುತ್ತೆ, ನಿಮ್ಮ ಉತ್ತರವನ್ನು ಮುಂದೆ ಬಂದವರಿಗೆ ಹೇಳುತ್ತೆ. ನಮ್ಮವರು ಬೆರಳಿಗಿಂತ ಬಾಯಿ ನಂಬೋರು, ಹಾಗಾಗಿ ಮಿಸ್ಡ್ ಕಾಲ್ ಇಡಿ. ತಿರುಗಿ ಕರೆ ಬರಲಿ, ಒಂದು ಅಜ್ಜಿಯ ದನಿ ಬೀದರ್ ಕನ್ನಡದಲ್ಲೋ ದಖನಿಯಲ್ಲೋ ಕೇಳಲಿ: 'ನೀ ನಿಂತಿದ್ದ ಜಾಗದಾಗ ಮೊದಲ ಏನಿತ್ತು ಗೊತ್ತದ ಏನು?' ಅವರು ಹೇಳಿದ್ದು ಮುಂದಿನವರ ಕಿವಿಗೆ ಹೋಗಲಿ, ಆದರೆ ರೆಕಾರ್ಡ್ ಮಾಡೋ ಮುಂಚೆ ಒಪ್ಪಿಗೆ ಕೇಳಿ.

ಕ್ಯೂಆರ್ ಕೋಡ್ ಅಂಟಿಸೋ ಯೋಚನೆ ಇದ್ದರೆ ಅದಕ್ಕೂ ಒಂದು ಮಾತು. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿ ಕಾರಿನ ಬಿಡಿಭಾಗಗಳಿಗೆ ಅಂತ ಮಾಡಿದ್ದು ಅದು, ನೂರಕ್ಕೆ ಸುಮಾರು 30 ಪಾಲು ಹಾಳಾದರೂ ಓದೋ ಹಾಗೆ ಮಾಡಬಹುದು, ಧೂಳಿಗೆ ಹೆದರೋದಿಲ್ಲ. ತಾಂತ್ರಿಕವಾಗಿ ಬೀದರ್‌ಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ನಮ್ಮ ಜನರಿಗೆ ಕ್ಯೂಆರ್ ಅಂದರೆ ಈಗ ದುಡ್ಡು. ನಾನು ಒಂದು ಸಲ ಅಂಟಿಸಿದಾಗ ಎಲ್ಲರೂ ಕೇಳಿದ್ದು ಒಂದೇ, 'ಎಷ್ಟ್ ಕೊಡಬೇಕ್ರಿ?' ಕೇಳದವರು ಮೋಸ ಇರಬಹುದು ಅಂತ ದೂರ ಸರಿದರು.

ಕೋಟೆ, ಮದರಸಾ ಎರಡೂ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿವೆ. ಗೋಡೆಗೆ ಸ್ಟಿಕ್ಕರ್, ಮೊಳೆ, ಟೇಪು ಏನೂ ಬೇಡ. ಒಳಗೆ ಏನಾದರೂ ಮಾಡಬೇಕಿದ್ದರೆ ಲಿಖಿತ ಅನುಮತಿ ತೆಗೆದುಕೊಳ್ಳಿ. ಚೌಬಾರದ ಕೆಳಗೆ ನಾಲ್ಕು ರಸ್ತೆ ಕೂಡುತ್ತವೆ, ಸಂಜೆ ಆಟೋ ಬೈಕು ನುಗ್ಗುತ್ತವೆ, ಅಲ್ಲಿ ಯಾರನ್ನೂ ಕಿವಿಗೆ ಇಯರ್‌ಫೋನ್ ಹಾಕಿಸಿ ನಿಲ್ಲಿಸಬೇಡಿ. ನಮಾಜಿನ ಹೊತ್ತಿಗೆ ಹಲಗಿ ನಿಲ್ಲಲಿ. ಓಣಿಯ ಹಿರಿಯರಿಗೆ ಮೊದಲೇ ಹೋಗಿ ಹೇಳಿ ಬನ್ನಿ, ಅವರೇ ಮೊದಲ ಪ್ರೇಕ್ಷಕರಾಗುತ್ತಾರೆ. ಆಡುವವರ ಲೊಕೇಶನ್ ಬೇರೆಯವರಿಗೆ ಕಾಣೋ ಹಾಗೆ ಇಡಲೇಬೇಡಿ, ಹೆಣ್ಣುಮಕ್ಕಳು ಅದೊಂದಕ್ಕೇ ಬರದೆ ಹೋಗುತ್ತಾರೆ, ಅದು ಸರಿಯೂ ಹೌದು.

40 ಸಾವಿರದಲ್ಲಿ ಮೊದಲ ತಿಂಗಳು ಎರಡು ಸಾವಿರಕ್ಕಿಂತ ಜಾಸ್ತಿ ಖರ್ಚು ಮಾಡಬೇಡಿ. ಕೋಡ್ ಬರೆಯೋ ಮುಂಚೆ ಆಟವನ್ನು ಸುಳ್ಳು ಸುಳ್ಳೇ ಆಡಿಸಿ. ನಿಮ್ಮಲ್ಲಿ ಒಬ್ಬರು ಬಾಗಿಲ ಮರೆಯಲ್ಲಿ ಕೂತು, ತಾಟು ಮುಟ್ಟಿದ ಕೂಡಲೇ ಬ್ಲೂಟೂತ್ ಸ್ಪೀಕರ್‌ನಲ್ಲಿ ಹಲಗಿ ಹಚ್ಚಲಿ. ಗೊಂಬೆ ಆಡಿಸೋನು ಪರದೆ ಹಿಂದೆ ಇರುತ್ತಾನಲ್ಲ, ಹಾಗೆ. ಆಡುವವರಿಗೆ ವ್ಯತ್ಯಾಸ ಗೊತ್ತಾಗೋದಿಲ್ಲ. ಅವರು ನಕ್ಕರೆ ಆಮೇಲೆ ಬೋರ್ಡ್ ತರಿಸಿ. ನಗದಿದ್ದರೆ ಆಟ ಬದಲಿಸಿ, ಖರ್ಚಾಗಿದ್ದು ಒಂದು ಸಂಜೆ ಅಷ್ಟೇ. ನಿಮ್ಮ ಗೆಳೆಯರನ್ನು ಕರೆಯಬೇಡಿ, ಅವರು ನಿಮ್ಮ ಮುಖ ನೋಡಿ ನಗುತ್ತಾರೆ. ಸೋದರತ್ತೆಯನ್ನು ಕರೀರಿ.

ನಗದು ಬಹುಮಾನ ಬೇಡ. ದುಡ್ಡು ಇಟ್ಟ ಕೂಡಲೇ ನಿಯಮದ ಮೇಲೆ ಜಗಳ ಶುರು, ಸೋತವರು ಮತ್ತೆ ಬರೋದಿಲ್ಲ. ನಾನು ಬೇರೆ ಪದ್ಧತಿ ಇಟ್ಟುಕೊಂಡಿದ್ದೇನೆ. ಜಮಖಾನದಿಂದ ಹತ್ತು ಹೆಜ್ಜೆ ದೂರದಲ್ಲಿ ಮಿರ್ಚಿ ಗಾಡಿ ನಿಲ್ಲಿಸಿರುತ್ತೇನೆ. ಸೋತ ಗುಂಪು ಗೆದ್ದವರಿಗೆ ಮಿರ್ಚಿ ಕೊಡಿಸಬೇಕು. ಕಾಯೋ ಹೊತ್ತಿನಲ್ಲಿ ಯಾರು ಕೈಬಿಟ್ಟರು, ಯಾರು ಸುಳ್ಳು ಹೇಳಿದರು ಅನ್ನೋ ವಾದ ಎಣ್ಣೆ ಸಪ್ಪಳಕ್ಕಿಂತ ಜೋರಾಗಿ ನಡೆಯುತ್ತೆ. ಹೋದ ಸಲ ಗಾಡಿಯವರೇ ಒಂದು ಪ್ಲೇಟ್ ಮಿರ್ಚಿ ಪಕ್ಕಕ್ಕಿಟ್ಟು, ಕೈ ಒರೆಸಿಕೊಂಡು, ಚಪ್ಪಲಿ ಬಿಟ್ಟು ಬಂದರು.